ಪ್ರತಿಕ್ರಿಯೆ: ನವೋದಯದಲ್ಲಿ ಮಗಳಿಗೆ ಪ್ರತ್ಯೇಕ ಕೋಣೆ ಸಿಗುವುದೇ?

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ 6ನೇ ತರಗತಿಗೆ ಆಯ್ಕೆಯಾದ ಮಗಳಿಗೆ ಪ್ರತ್ಯೇಕ ಕೋಣೆ ಸಿಗುವುದೇ ಎಂದು ಶಿರಸಿಯಿಂದ ಕೇಳಿದ್ದೀರಿ, ಸಿಗುವುದಿಲ್ಲ. ಅಲ್ಲಿ ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಸದನಗಳಾಗಿ ವಿಂಗಡಿಸಿ, ದೊಡ್ಡ ಹಾಲ್‌ಗಳಲ್ಲಿ ಒಟ್ಟಿಗೆ ಇರಿಸುತ್ತಾರೆ. ಒಂದು ಮಂಚ, ಬೀಗ ಹಾಕಿದ ಒಂದು ಟ್ರಂಕು, ಇಷ್ಟೇ ಅವಳ ಸ್ವಂತದ ಜಾಗ. ಊಟ, ವಸತಿ, ಸಮವಸ್ತ್ರ ಉಚಿತ. ನಮ್ಮ ಜಿಲ್ಲೆಯಲ್ಲಿ ನಿಜವಾದ ತೊಂದರೆ ಮಳೆಗಾಲದ್ದು: ಕಿಟಕಿಯ ಸರಳಿಗೂ ಮಂಚದ ಕಂಬಿಗೂ ಕಟ್ಟಿದ ಹಗ್ಗದ ಮೇಲೆ ಒಗೆದ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ, ಟ್ರಂಕಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಆದ್ದರಿಂದ ದಪ್ಪ ಟರ್ಕಿ ಟವೆಲ್ಲಿನ ಬದಲು ತೆಳುವಾದ ಪಂಚೆಯಂಥ ಟವೆಲ್, ಒಳ ಉಡುಪು ಕೆಲವು ಜೊತೆ ಹೆಚ್ಚಿಗೆ ಕಳುಹಿಸಿ. ಟ್ರಂಕಿನ ಎರಡನೇ ಕೀಲಿಯನ್ನು ಸದನದ ಶಿಕ್ಷಕಿಯ ಬಳಿ ಕೊಟ್ಟಿರಿ. ಮಕ್ಕಳು ಮೊದಲು ಕಳೆದುಕೊಳ್ಳುವುದು ಕೀಲಿಯನ್ನೇ.