ಸಂಪಾದಕರ ಉತ್ತರ: ಆ ಎರಡು ರಾಣಿಗಳ ಲೆಕ್ಕ

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಪೋಕರ್ ಟೂರ್ನಮೆಂಟಿನಲ್ಲಿ ಉಳಿದವರು ನಾಲ್ವರು, ಬಹುಮಾನ ಮೂವರಿಗೆ: ಒಟ್ಟು ಮೊತ್ತದ ಶೇ. 50, 30 ಮತ್ತು 20. ಎಲ್ಲರ ಮುಂದೆಯೂ ಹೆಚ್ಚುಕಡಿಮೆ ಅಷ್ಟಷ್ಟೇ ಚಿಪ್ಪುಗಳು, ಅಂದರೆ ಪಣದ ಬಿಲ್ಲೆಗಳು. ಎದುರಿನವರು ಆಲ್-ಇನ್ ಎಂದರು, ಇದ್ದ ಚಿಪ್ಪನ್ನೆಲ್ಲ ಒಡ್ಡಿದರು. ನಿಮ್ಮ ಕೈಯಲ್ಲಿ ಎರಡು ರಾಣಿ. ಅವರದು ಎಕ್ಕ-ರಾಜ ಇರಬೇಕೆಂದು ಊಹಿಸಿದಿರಿ, ನಮ್ಮ ಅಂಕಣ ಹೇಳಿಕೊಟ್ಟಂತೆ ಶೇ. 57 ಗೆಲುವು ತಮ್ಮದೆಂದು ಕಾಲ್ ಮಾಡಿದಿರಿ, ನೀವೂ ಅಷ್ಟನ್ನೇ ಒಡ್ಡಿದಿರಿ. ಊಹೆ ಸರಿಯಾಗಿಯೇ ಇತ್ತು. ಆದರೆ ಮೇಜಿಗೆ ಬಿದ್ದ ಕೊನೆಯ ಎಲೆ ರಾಜ; ಅವರದು ರಾಜ ಜೋಡಿಯಾಗಿ ನಿಮ್ಮ ರಾಣಿಗಳನ್ನು ಮೀರಿತು. ಬರಿಗೈಲಿ ಎದ್ದು ಬಂದಿರಿ. "ಎಣಿಸಲು ಬಾರದವನು ಬಹುಮಾನ ಹೊತ್ತುಕೊಂಡು ಹೋದ, ಈ ಗಣಿತದ ಅಂಕಣ ನಿಲ್ಲಿಸಿ" ಎನ್ನುತ್ತೀರಿ.

ರಾಜ ಬಂದದ್ದಕ್ಕೆ ನಾವು ಹೊಣೆಯಲ್ಲ. ಶೇ. 57 ಎಂದರೆ ಏಳು ಸಲದಲ್ಲಿ ಮೂರು ಸಲ ಸೋಲು ಇದ್ದದ್ದೇ. ಆದರೆ ಇನ್ನೊಂದು ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇನೆ. ಆ ರಾಜ ಬಾರದೆ ನೀವು ಗೆದ್ದಿದ್ದರೂ ಅದು ನಷ್ಟದ ಕಾಲ್ ಆಗಿರುತ್ತಿತ್ತು. ಅಂಕಣ ಇದನ್ನು ಹೇಳಲೇ ಇಲ್ಲ.

ನೀವು ಎಣಿಸಿದ್ದು ಚಿಪ್ಪುಗಳನ್ನು. ಕ್ಯಾಶ್ ಆಟದಲ್ಲಿ ಚಿಪ್ಪೇ ಹಣ, ಅಲ್ಲಿ ಅದು ಸರಿ. ಟೂರ್ನಮೆಂಟಿನಲ್ಲಿ ಚಿಪ್ಪನ್ನು ಕೌಂಟರಿಗೆ ಕೊಟ್ಟು ಹಣ ಪಡೆಯುವಂತಿಲ್ಲ. ಎಷ್ಟನೆಯವರಾಗಿ ಎದ್ದಿರಿ ಎಂಬುದಕ್ಕಷ್ಟೇ ಹಣ. ನಾಲ್ವರೂ ಸಮವಾಗಿದ್ದಾಗ ತಲಾ ಶೇ. 25ರ ಬೆಲೆ. ನೀವು ಗೆದ್ದು ಚಿಪ್ಪುಗಳು ಇಮ್ಮಡಿಯಾದವು ಎನ್ನಿ. ಮೂವರು ಉಳಿದರು, ಮೇಜಿನ ಅರ್ಧ ಚಿಪ್ಪು ನಿಮ್ಮದು. ಮೊದಲ ಸ್ಥಾನದ ಸಾಧ್ಯತೆ ಎರಡರಲ್ಲೊಂದು, ಎರಡನೆಯದು ಮೂರರಲ್ಲೊಂದು, ಮೂರನೆಯದು ಆರರಲ್ಲೊಂದು. ಬಹುಮಾನದೊಂದಿಗೆ ಗುಣಿಸಿ ಕೂಡಿದರೆ 25, 10, 3.3: ಒಟ್ಟು 38.3. ಚಿಪ್ಪು ಎರಡು ಪಟ್ಟಾದರೂ ಬೆಲೆ ಒಂದೂವರೆ ಪಟ್ಟು ದಾಟಿದ್ದು ಸ್ವಲ್ಪವೇ. ಉಳಿದದ್ದು ಎಲ್ಲಿಗೆ ಹೋಯಿತು? ಕೈಕಟ್ಟಿ ಕುಳಿತಿದ್ದ ಇನ್ನಿಬ್ಬರಿಗೆ. ಒಂದೂ ಚಿಪ್ಪು ಹಾಕದೆ ಅವರ ಪಾಲು ತಲಾ 25ರಿಂದ ಸುಮಾರು 31ಕ್ಕೆ ಏರಿತು. ನಿಮ್ಮ "ಎಣಿಸಲು ಬಾರದವನು" ಅವರಲ್ಲೊಬ್ಬನಿರಬಹುದೇ?

ಹಾಗಾಗಿ 38.3 ಸಿಗಬಹುದೆಂದು ಕೈಲಿದ್ದ 25ನ್ನು ಒಡ್ಡಬೇಕಾದರೆ ಗೆಲುವಿನ ಸಾಧ್ಯತೆ ಶೇ. 65 ದಾಟಬೇಕಿತ್ತು. 57 ಸಾಲದು. ಬ್ಲೈಂಡುಗಳನ್ನು (ಎಲೆ ನೋಡುವ ಮುನ್ನವೇ ಹಾಕಬೇಕಾದ ಕಡ್ಡಾಯ ಪಣ) ಸೇರಿಸಿದರೆ ಅಂಕಿ ತುಸು ಸರಿದೀತು, ತೀರ್ಪು ಬದಲಾಗುವುದು ಕಷ್ಟ. ಎದುರಾಳಿ ಎಕ್ಕ-ರಾಜವನ್ನು ತೆರೆದು ತೋರಿಸಿದ್ದರೂ ರಾಣಿ ಜೋಡಿಯನ್ನು ಫೋಲ್ಡ್ ಮಾಡಬೇಕಿತ್ತು, ಪಣ ಒಡ್ಡದೆ ಎಲೆ ಕೆಳಗಿಡಬೇಕಿತ್ತು. ಕರುಳು ಒಪ್ಪುವುದಿಲ್ಲ, ಗೊತ್ತು. ಚಿಪ್ಪನ್ನು ಹೀಗೆ ಬಹುಮಾನದ ಬೆಲೆಗೆ ತರುವ ವಿಧಾನಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎನ್ನುತ್ತಾರೆ. ಸ್ಥಾನಗಳ ಸಾಧ್ಯತೆ ಹೇಳುವ ಇದರ ಸೂತ್ರ ಪೋಕರಿನದೂ ಅಲ್ಲ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಹಾರ್ವಿಲ್ ಕುದುರೆ ಪಂದ್ಯಕ್ಕೆಂದು ಬರೆದದ್ದು.

ಆದರೆ 65 ಎಂಬ ಗೆರೆ ಎಳೆಯುವವರೆಗೆ ಮಾತ್ರ ಗಣಿತದ ಕೆಲಸ. ಎದುರಾಳಿ ಯಾವ ಎಲೆಗಳಿಗೆಲ್ಲ ಆಲ್-ಇನ್ ಹೋಗುವ ಆಸಾಮಿ ಎಂಬುದು ನೀವು ಕಣ್ಣಿಟ್ಟು ಕಂಡುಕೊಳ್ಳಬೇಕಾದದ್ದು. ಸಣ್ಣ ಜೋಡಿ, ಎಕ್ಕ-ಐದು, ಏನು ಸಿಕ್ಕರೂ ತಳ್ಳುವವರಾಗಿದ್ದರೆ ನಿಮ್ಮ ರಾಣಿಗಳು 65 ದಾಟುತ್ತವೆ, ಕಣ್ಣುಮುಚ್ಚಿ ಕಾಲ್ ಮಾಡಬಹುದು. ನೀವೇ ಅವರನ್ನು ಎಕ್ಕ-ರಾಜಕ್ಕೆ ಕಟ್ಟಿಹಾಕಿ, ಆಮೇಲೆ ಕಾಲ್ ಮಾಡಿದಿರಿ. ನನಗೆ ಅರ್ಥವಾಗದ್ದು ಅದೊಂದೇ. ಇನ್ನೊಂದು ಮಾತು: ಕಾಲ್ ಮಾಡುವವರಿಗೆ 65ರ ಹೊರೆ ಇದೆ ಎಂದು ಗೊತ್ತಿರುವವರು ಮೊದಲು ತಾವೇ ಆಲ್-ಇನ್ ಎನ್ನುತ್ತಾರೆ. ನಿಮ್ಮ ಎದುರಾಳಿ ಮಾಡಿದ್ದು ಅದನ್ನೇ. ಅವರಿಗೆ ಗಣಿತ ಬಾರದೆಂದು ನಾನಂತೂ ಹೇಳಲಾರೆ.

ಅರ್ಧ ನಿಮಿಷದಲ್ಲಿ ಇಷ್ಟೆಲ್ಲ ಎಣಿಸುವುದು ಹೇಗೆ ಎಂದು ಕೇಳಿದ್ದೀರಿ. ಎಣಿಸುವುದಿಲ್ಲ, ಮನೆಯಲ್ಲಿ ಎಣಿಸಿಟ್ಟುಕೊಂಡು ಬರುತ್ತಾರೆ. ಪಾಟಿನಷ್ಟೇ (ಮೇಜಿನ ನಡುವೆ ಸೇರಿದ ಪಣದಷ್ಟೇ) ಬೆಟ್ ಬಂದರೆ ಕಾಲ್ ಮಾಡಲು ಬೇಕಾದ ಗೆಲುವಿನ ಸಾಧ್ಯತೆ ಶೇ. 33, ಅರ್ಧಕ್ಕೆ 25. ಚಿಪ್ಪಿನ ಲೆಕ್ಕಕ್ಕೆ ಇಷ್ಟು ಬಾಯಿಪಾಠ ಸಾಕು. ಬಬಲ್, ಅಂದರೆ ಇನ್ನೊಬ್ಬರು ಎದ್ದರೆ ಉಳಿದವರಿಗೆಲ್ಲ ಬಹುಮಾನ ಎಂಬ ಹಂತ, ಹತ್ತಿರವಾದಂತೆ ಅದರ ಮೇಲೆ ಇನ್ನಷ್ಟು ಏರಿಸಿಕೊಳ್ಳಿ.

ಅದೃಷ್ಟದ ಬಗ್ಗೆ ನಿಮ್ಮ ಗೊಣಗಾಟ ನ್ಯಾಯವಾದದ್ದು. ಪೋಕರಿನಲ್ಲಿ ಗಣಿತದ ಮನುಷ್ಯ ಎಂದೇ ಹೆಸರಾದವರು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ ಕ್ರಿಸ್ ಫರ್ಗ್ಯುಸನ್. 2000ದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಕೊನೆಯ ಕೈಯಲ್ಲಿ ಅವರದು ಎಕ್ಕ-ಒಂಬತ್ತು, ಎದುರಿಗೆ ಎಕ್ಕ-ರಾಣಿ. ಕೊನೆಯ ಎಲೆ ಬೀಳುವ ಮುನ್ನ ಉಳಿದ 44ರಲ್ಲಿ ಅವರನ್ನು ಗೆಲ್ಲಿಸುವ ಎಲೆ ಮೂರೇ. ಬಿದ್ದದ್ದು ಒಂಬತ್ತು.

ಅಂಕಣ ನಿಲ್ಲುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ನಿಮ್ಮದೇ ಕೈಯನ್ನು, ಈ ಸಲ ಬಹುಮಾನದ ಲೆಕ್ಕದಲ್ಲಿ, ಬಿಡಿಸಿ ಬರೆಸುತ್ತೇನೆ. ಬ್ಲೈಂಡ್ ಎಷ್ಟಿತ್ತು, ನಾಲ್ವರಲ್ಲಿ ಯಾರ ಬಳಿ ಎಷ್ಟು ಚಿಪ್ಪಿತ್ತು ಎಂಬುದು ನೆನಪಿದ್ದರೆ ಬರೆದು ಕಳಿಸಿ.

– ಸಂಪಾದಕ