ಜ್ಯೋತಿಷ ಕಲಿಯಲು ಮೊದಲ ಪುಸ್ತಕ ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಕಾಫಿ ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು ಜ್ಯೋತಿಷ ಕಲಿಯಬೇಕೆಂದು ಮೈಸೂರಿನಿಂದ ಮೂರು ಕನ್ನಡ ಪುಸ್ತಕ, ಒಂದು ಇಂಗ್ಲಿಷ್ ಪುಸ್ತಕ ತಂದಿದ್ದೇನೆ. ಒಂದರಲ್ಲಿ ಕುಂಡಲಿ ಚೌಕ, ಇನ್ನೊಂದರಲ್ಲಿ ವಜ್ರದ ಆಕಾರ. ನನ್ನ ಜನ್ಮಸಮಯಕ್ಕೆ ಒಂದರ ಲೆಕ್ಕದಲ್ಲಿ ರೋಹಿಣಿ ಬರುತ್ತದೆ, ಇನ್ನೊಂದರಲ್ಲಿ ಮೃಗಶಿರ. ಯಾವುದು ಸರಿ? ಮೊದಲು ಯಾವುದನ್ನು ಓದಲಿ?
– ನಾಪೋಕ್ಲು ಕಡೆಯ ಓದುಗರು

ಉತ್ತರ: ನಾಲ್ಕರಲ್ಲಿ ಮೂರನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಒಂದನ್ನು ಮಾತ್ರ ಹಿಡಿದು, ನಿಮ್ಮದೇ ಜಾತಕವನ್ನು ಅದರ ಪ್ರಕಾರ ಕೈಯಲ್ಲೇ ಲೆಕ್ಕ ಹಾಕಿ ಮುಗಿಸಿ. ಫಲಭಾಗ ಆಮೇಲೆ. ಲೆಕ್ಕ ಬಾರದೆ ಫಲ ಓದಿದವರೆಲ್ಲ ಆರು ತಿಂಗಳಲ್ಲಿ ಗೊಂದಲಕ್ಕೆ ಬಿದ್ದು ಕೈಬಿಡುತ್ತಾರೆ.

ಮೊದಲು ರೋಹಿಣಿ–ಮೃಗಶಿರದ ವಿಷಯ. ನಿಮ್ಮ ಪುಸ್ತಕಗಳ ಅಯನಾಂಶ ಬೇರೆ ಬೇರೆ ಇರಬೇಕು. ವಿಷುವದಿಂದ ಎಣಿಸಿದ ಗ್ರಹಸ್ಥಾನವನ್ನು ನಕ್ಷತ್ರಗಳ ರಾಶಿಚಕ್ರಕ್ಕೆ ತರಲು ಕಳೆಯುವ ಡಿಗ್ರಿಯೇ ಅಯನಾಂಶ. ಈಗ ಹೆಚ್ಚಿನ ಪಂಚಾಂಗಗಳು, ಮೊಬೈಲ್ ಆ್ಯಪ್‌ಗಳು ಬಳಸುವುದು ಚಿತ್ರಾಪಕ್ಷ, ಅಂದರೆ ಲಾಹಿರಿ ಅಯನಾಂಶ. ಭಾರತ ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿ ಒಪ್ಪಿದ್ದೂ ಇದನ್ನೇ: 1956ರ ಮಾರ್ಚ್ 21ಕ್ಕೆ 23 ಡಿಗ್ರಿ 15 ಕಲೆ (60 ಕಲೆಗೆ ಒಂದು ಡಿಗ್ರಿ). ಬೆಂಗಳೂರಿನ ಬಿ.ವಿ. ರಾಮನ್ (1912–1998) ಅವರ ಪುಸ್ತಕಗಳಲ್ಲಿ ಬರುವ ಅಯನಾಂಶ ಇದಕ್ಕಿಂತ ಸುಮಾರು 1 ಡಿಗ್ರಿ 26 ಕಲೆ ಕಡಿಮೆ. ಅಯನಾಂಶ ಕಡಿಮೆಯಾದಷ್ಟು ಗ್ರಹದ ಸ್ಫುಟ, ಅಂದರೆ ರಾಶಿಚಕ್ರದಲ್ಲಿ ಅದರ ನಿಖರ ಸ್ಥಾನ, ಮುಂದೆ ಹೋಗುತ್ತದೆ. ಲಾಹಿರಿಯಲ್ಲಿ ಚಂದ್ರ ವೃಷಭದ 22 ಡಿಗ್ರಿ 30 ಕಲೆಯಲ್ಲಿದ್ದರೆ ರೋಹಿಣಿ ನಾಲ್ಕನೆಯ ಪಾದ. ರಾಮನ್ ಲೆಕ್ಕದಲ್ಲಿ ಅದೇ ಚಂದ್ರ 23 ಡಿಗ್ರಿ 56 ಕಲೆ. ರೋಹಿಣಿ ಮುಗಿಯುವುದು 23 ಡಿಗ್ರಿ 20 ಕಲೆಗೆ, ಹಾಗಾಗಿ ಮೃಗಶಿರ ಬಂತು. ದಶೆಯೂ ಸರಿಯುತ್ತದೆ: ಮೊದಲ ಲೆಕ್ಕದಲ್ಲಿ ರಾಹುದಶೆ ಹುಟ್ಟಿದ 7 ವರ್ಷ 7 ತಿಂಗಳಿಗೆ ಶುರು, ಎರಡನೆಯದರಲ್ಲಿ 6 ವರ್ಷ 8 ತಿಂಗಳಿಗೆ.

ಯಾವ ಅಯನಾಂಶ ನಿಮ್ಮ ನೆಲಕ್ಕೆ ಹೊಂದುತ್ತದೆ ಎಂದು ನೋಡಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ, ಅಂದರೆ ರವಿ ನಿರಯನ (ಅಯನಾಂಶ ಕಳೆದ) ತುಲೆಗೆ ಕಾಲಿಡುವ ಗಳಿಗೆಗೆ. ಪ್ರಕಟವಾದ ಮುಹೂರ್ತ 2020ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7:03, 2021ರಲ್ಲಿ ಅದೇ ದಿನ ಮಧ್ಯಾಹ್ನ 1:11, 2022ರಲ್ಲಿ ಸಂಜೆ 7:21. ವರ್ಷಕ್ಕೆ ಆರು ಗಂಟೆ ಎಂಟು–ಹತ್ತು ನಿಮಿಷ ಮುಂದೆ ಹೋಗುತ್ತಿದೆ, ನೋಡಿ. ನಿರಯನ ವರ್ಷ 365 ದಿನ 6 ಗಂಟೆ 9 ನಿಮಿಷ, ಆ ಚಿಲ್ಲರೆಯೇ ಇದು. ಈ ಸಮಯಗಳು ಲಾಹಿರಿ ಲೆಕ್ಕಕ್ಕೆ ಕಾಲು ಗಂಟೆಯ ಒಳಗೆ ಹೊಂದುತ್ತವೆ. ರಾಮನ್ ಅಯನಾಂಶ ಹಿಡಿದರೆ ಸಂಕ್ರಮಣ ಸುಮಾರು ಒಂದೂವರೆ ದಿನ ಮೊದಲೇ ಆಗಿಬಿಡುತ್ತದೆ. ಹಾಗೆಂದು ರಾಮನ್ ಅವರ ಪುಸ್ತಕ ಬೇಡವೆಂದಲ್ಲ. ಆರಂಭಿಕರಿಗೆ ಅಷ್ಟು ಬಿಡಿಸಿ ಹೇಳಿದವರು ಕಡಿಮೆ. ಅವರ ಉದಾಹರಣೆ ಜಾತಕಗಳನ್ನು ಆ್ಯಪ್‌ನಲ್ಲಿ ಹಾಕಿ ನೋಡುವಾಗ ಸೆಟ್ಟಿಂಗ್‌ನಲ್ಲಿ ‘ರಾಮನ್’ ಎಂದು ಬದಲಿಸಿಕೊಳ್ಳಿ. ಹಾಗೆ ಮಾಡದೆ ‘ಪುಸ್ತಕವೇ ತಪ್ಪು’ ಎಂದು ಎತ್ತಿಟ್ಟವರು ಬಹಳ ಜನ.

ವಜ್ರಾಕಾರದ ಕುಂಡಲಿ ಉತ್ತರ ಭಾರತದ ಪದ್ಧತಿ. ಅದರಲ್ಲಿ ಮನೆಗಳು ಸ್ಥಿರ, ರಾಶಿ ಬದಲಾಗುತ್ತದೆ. ಮೇಲಿನ ನಡುಮನೆಯೇ ಲಗ್ನ (ಹುಟ್ಟಿದಾಗ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ), ಅಲ್ಲಿಂದ ಎಡಕ್ಕೆ ಎಣಿಕೆ. ಒಳಗೆ ಬರೆದ ಅಂಕಿ ರಾಶಿಯದು, ಭಾವದ್ದಲ್ಲ, ಅಂದರೆ ಮನೆಯದ್ದಲ್ಲ; ಲಗ್ನದ ಮನೆಯಲ್ಲಿ 7 ಇದ್ದರೆ ತುಲಾ ಲಗ್ನ. ನಮ್ಮ ಚೌಕದಲ್ಲಿ ರಾಶಿ ಸ್ಥಿರ: ಮೇಲಿನ ಎಡಮೂಲೆ ಮೀನ, ಅದರ ಬಲಕ್ಕೆ ಮೇಷ, ಹಾಗೇ ಪ್ರದಕ್ಷಿಣೆ. ಒಂದು ವರ್ಷ ಚೌಕವನ್ನೇ ಬರೆಯಿರಿ. ಎರಡನ್ನೂ ಒಟ್ಟಿಗೆ ಕಲಿತರೆ ಏಳನೆಯ ಮನೆ ಎಂದಾಗ ತುಲೆಯನ್ನು ನೋಡುವ ಚಾಳಿ ಅಂಟಿಕೊಂಡು ಬಿಡಿಸುವುದು ಕಷ್ಟವಾಗುತ್ತದೆ.

ಇನ್ನು ಆಯ್ಕೆ. ಕೈಯಲ್ಲಿರುವ ಕನ್ನಡ ಪುಸ್ತಕಗಳನ್ನು ಹೀಗೆ ಜರಡಿ ಹಿಡಿಯಿರಿ. ಯಾವ ಅಯನಾಂಶ, ಎಷ್ಟು ಎಂದು ಹೇಳಿದೆಯೇ? ಒಂದು ಜನ್ಮಕಾಲವನ್ನು ತೆಗೆದುಕೊಂಡು ಲಗ್ನ, ಗ್ರಹಸ್ಫುಟ, ನವಾಂಶ (ರಾಶಿಯ ಒಂಬತ್ತನೆಯ ಒಂದು ಭಾಗ), ದಶಾಶೇಷದವರೆಗೆ (ಹುಟ್ಟುವಾಗ ಉಳಿದಿದ್ದ ದಶೆ) ಎಲ್ಲಾ ಹೆಜ್ಜೆ ತೋರಿಸಿದೆಯೇ? ಇಲ್ಲದಿದ್ದರೆ ಅದು ಕಲಿಯುವ ಪುಸ್ತಕವಲ್ಲ. ಆಮೇಲೆ ಮುದ್ರಣದ ತಪ್ಪು ಹುಡುಕಿ. ಗ್ರಹದಶೆಗಳ ವರ್ಷ ಹೇಳುವ ವಿಂಶೋತ್ತರಿ ಪಟ್ಟಿ ತೆಗೆದು ಕೂಡಿಸಿ: ಕೇತು 7, ಶುಕ್ರ 20, ರವಿ 6, ಚಂದ್ರ 10, ಕುಜ 7, ರಾಹು 18, ಗುರು 16, ಶನಿ 19, ಬುಧ 17, ಒಟ್ಟು 120 ಬರಲೇಬೇಕು. ಪರಮೋಚ್ಚದ, ಅಂದರೆ ಗ್ರಹ ಅತಿ ಹೆಚ್ಚು ಬಲ ಪಡೆಯುವ ಡಿಗ್ರಿಯ ಪಟ್ಟಿ ನೋಡಿ: ರವಿ ಮೇಷ 10, ಚಂದ್ರ ವೃಷಭ 3, ಕುಜ ಮಕರ 28, ಬುಧ ಕನ್ಯಾ 15, ಗುರು ಕರ್ಕ 5, ಶುಕ್ರ ಮೀನ 27, ಶನಿ ತುಲಾ 20. ಕನ್ನಡ ಅಂಕಿಯಲ್ಲಿ ಅಚ್ಚಾದ ಹಳೆಯ ಪುಸ್ತಕಗಳಲ್ಲಿ ೬ ಮತ್ತು ೯ ಅದಲುಬದಲಾಗುವುದುಂಟು. ಈ ಎರಡು ಪಟ್ಟಿಯಲ್ಲೇ ತಪ್ಪಿದ್ದರೆ ಒಳಗಿನ ಕೋಷ್ಟಕಗಳನ್ನು ನಂಬಬೇಡಿ. ‘ಅಂಶ’ ಎಂಬ ಮಾತನ್ನೂ ಗಮನಿಸಿ: ಕೆಲವರು ಡಿಗ್ರಿಗೆ ಅಂಶ ಎನ್ನುತ್ತಾರೆ, ಕೆಲವರು ಭಾಗೆ ಎಂದು ಬರೆದು ಅಂಶವನ್ನು ನವಾಂಶಕ್ಕೆ ಮೀಸಲಿಡುತ್ತಾರೆ.

ಓದುವ ಕ್ರಮ ಹೀಗಿರಲಿ. ಮೊದಲ ತಿಂಗಳು ಪುಸ್ತಕವೇ ಬೇಡ, ಈ ವರ್ಷದ ಪಂಚಾಂಗ ಸಾಕು. ದಿನಾ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಬರೆದಿಡಿ. ಚಂದ್ರ ಯಾವ ರಾಶಿಯಲ್ಲಿ ಎಂದೂ ಬರೆಯಿರಿ. ಎರಡು–ಮೂರನೆಯ ತಿಂಗಳು ಜರಡಿಯಲ್ಲಿ ಉಳಿದ ಕನ್ನಡ ಪುಸ್ತಕದ ಗಣಿತ ಭಾಗ. ಬಳಿಕ, ಇಂಗ್ಲಿಷ್ ಓದಲು ತೊಡಕಿಲ್ಲದಿದ್ದರೆ ರಾಮನ್ ಅವರ ‘ಹಿಂದೂ ಪ್ರೆಡಿಕ್ಟಿವ್ ಅಸ್ಟ್ರಾಲಜಿ’, ಅದಾದ ಮೇಲೆ ‘ಹೌ ಟು ಜಡ್ಜ್ ಎ ಹೊರೊಸ್ಕೋಪ್’ ಮೊದಲ ಸಂಪುಟ. ಅದರಲ್ಲಿ ಒಂದರಿಂದ ಆರನೆಯ ಭಾವದವರೆಗೆ ಇದೆ. ಅದೇ ಲೇಖಕರ ಮುನ್ನೂರು ಯೋಗಗಳ ಪುಸ್ತಕವನ್ನು ಮಾತ್ರ ಈಗ ಮುಟ್ಟಬೇಡಿ. ಭಾವಾಧಿಪತಿಯ ಬಲಾಬಲ ತಿಳಿಯದೆ ಯೋಗಗಳ ಪಟ್ಟಿ ಹಿಡಿದರೆ ಪ್ರತಿಯೊಬ್ಬರ ಜಾತಕದಲ್ಲೂ ಹತ್ತು ರಾಜಯೋಗ ಕಾಣಿಸುತ್ತದೆ.

ಮಂತ್ರೇಶ್ವರನ ‘ಫಲದೀಪಿಕಾ’ ಮೂಲಗ್ರಂಥಗಳಲ್ಲಿ ಆರಂಭಿಕರಿಗೆ ಒಗ್ಗುವಂಥದು. 28 ಅಧ್ಯಾಯ. 1, 2 ಓದಿ ರಾಶಿ–ಗ್ರಹಗಳ ಸ್ವಭಾವ ಗಟ್ಟಿಮಾಡಿಕೊಳ್ಳಿ, ಅಲ್ಲಿಂದ 8ಕ್ಕೆ ಹೋಗಿ ಗ್ರಹಗಳ ಭಾವಫಲ, ಆಮೇಲೆ 15ರ ಭಾವಚಿಂತೆ. ಯೋಗಾಧ್ಯಾಯ ಕೊನೆಗೆ. ಶ್ಲೋಕ, ಅನ್ವಯ, ತಾತ್ಪರ್ಯ ಮೂರೂ ಇರುವ ಮುದ್ರಣವನ್ನೇ ಕೊಳ್ಳಿ. ಬರಿಯ ತಾತ್ಪರ್ಯವಿದ್ದರೆ ಮೂಲದ ಮಾತು ಯಾವುದು, ಅನುವಾದಕರು ಸೇರಿಸಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಪ್ರಶ್ನೆ: ಸಂಸ್ಕೃತ ಓದಿಕೊಂಡಿದ್ದೇನೆ. ನೇರವಾಗಿ ವರಾಹಮಿಹಿರನ ‘ಬೃಹಜ್ಜಾತಕ’ವನ್ನೋ ‘ಬೃಹತ್ ಪಾರಾಶರ ಹೋರಾ’ವನ್ನೋ ಹಿಡಿಯಬಹುದೇ?
– ಸೋಮವಾರಪೇಟೆಯ ಶಿಕ್ಷಕಿ

ಉತ್ತರ: ಸಂಸ್ಕೃತ ಬಂದರೂ ಬೃಹಜ್ಜಾತಕ ಸುಲಭವಲ್ಲಮ್ಮಾ. ಆರನೆಯ ಶತಮಾನದ ಆ ಗ್ರಂಥ ಸೂತ್ರದಂತೆ ಬಿಗಿ, ಒಂದೊಂದು ಪದಕ್ಕೆ ಟೀಕೆ, ಅಂದರೆ ವ್ಯಾಖ್ಯಾನ ಬೇಕು. ಅಧ್ಯಾಯಗಳ ಸಾಲೂ ಹೊಸಬರಿಗೆ ತಕ್ಕಂತಿಲ್ಲ. ರಾಶಿ, ಗ್ರಹ ಎರಡು ಅಧ್ಯಾಯ ಮುಗಿಯುತ್ತಿದ್ದಂತೆ ಮೂರನೆಯದು ವಿಯೋನಿಜನ್ಮ, ಅಂದರೆ ಪ್ರಾಣಿ–ಸಸ್ಯಗಳ ಜನ್ಮ, ನಾಲ್ಕನೆಯದು ನಿಷೇಕ, ಅಂದರೆ ಗರ್ಭಾಧಾನ. ಹೆಚ್ಚಿನವರು ನಿಲ್ಲುವುದು ಇಲ್ಲೇ. ಮೊದಲ ಎರಡನ್ನು ಭಟ್ಟೋತ್ಪಲನ ಟೀಕೆಯೊಡನೆ ಬಾಯಿಪಾಠ ಮಾಡಿ, ಮಿಕ್ಕದ್ದನ್ನು ಒಂದು ವರ್ಷ ಕಳೆದು ತೆರೆಯಿರಿ. ಪಾರಾಶರಿ ಓದುವ ಗ್ರಂಥಕ್ಕಿಂತ ಬೇಕಾದಾಗ ತೆಗೆದು ನೋಡುವ ಗ್ರಂಥ. ಮುದ್ರಣದಿಂದ ಮುದ್ರಣಕ್ಕೆ ಅಧ್ಯಾಯಗಳ ಸಂಖ್ಯೆ ಬೇರೆ, ಹಾಗಾಗಿ ಯಾರಾದರೂ ‘ಪಾರಾಶರಿಯ ಇಂಥ ಅಧ್ಯಾಯ’ ಎಂದರೆ ಯಾವ ಮುದ್ರಣ ಎಂದು ಕೇಳಿ. ಕನ್ನಡದಲ್ಲಿ ಈ ಶಾಸ್ತ್ರ ಬರೆಯುವ ಪರಂಪರೆಯೂ ಸಣ್ಣದಲ್ಲ: ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರದು. ಹಳಗನ್ನಡವೂ ಬರುವುದಾದರೆ ನಿಮಗೆ ಮುಂದೊಂದು ದಿನ ಅದು ಸಂತೋಷ ಕೊಡುತ್ತದೆ.

ಪ್ರಶ್ನೆ: ಐನ್‌ಮನೆಯಲ್ಲಿ ಅಜ್ಜನ ಜಾತಕ ಸಿಕ್ಕಿದೆ. ಸಮಯ ಗಂಟೆಯಲ್ಲಿಲ್ಲ, ‘ಉದಯಾದಿ ಘಳಿಗೆ 15, ವಿಘಳಿಗೆ 30’ ಎಂದಿದೆ. ‘ಮಾ’ ಎಂದು ಹತ್ತನೆಯ ಗ್ರಹವೊಂದಿದೆ. ನನ್ನ ಪುಸ್ತಕದಲ್ಲಿ ಇದಾವುದೂ ಇಲ್ಲ.
– ವಿರಾಜಪೇಟೆಯ ಓದುಗರು

ಉತ್ತರ: ಘಳಿಗೆ ಅಂದರೆ 24 ನಿಮಿಷ, ವಿಘಳಿಗೆ 24 ಸೆಕೆಂಡ್. 15 ಘಳಿಗೆಗೆ 6 ಗಂಟೆ, 30 ವಿಘಳಿಗೆಗೆ 12 ನಿಮಿಷ. ಆ ದಿನದ ಸೂರ್ಯೋದಯ 6:20 ಆಗಿದ್ದರೆ ಜನನ ಮಧ್ಯಾಹ್ನ 12:32. ಸೂರ್ಯೋದಯವೆಂದರೆ ಲೆಕ್ಕದ ದಿಗಂತದ ಉದಯ. ಮನೆಯೆದುರಿನ ಬೆಟ್ಟ ದಾಟಿ ಬಿಸಿಲು ಅಂಗಳಕ್ಕೆ ಬಿದ್ದ ಹೊತ್ತಲ್ಲ. ಹಾಗೆ ಹಿಡಿದು ಅರ್ಧ ಗಂಟೆ ಹೆಚ್ಚಾದರೆ ಲಗ್ನ ಏಳೆಂಟು ಡಿಗ್ರಿ ಸರಿದು ನವಾಂಶ ಎರಡು ಮನೆ ಆಚೆಗೆ ಹೋಗುತ್ತದೆ. ಇಸವಿಯ ಬದಲು ಕೇರಳದ ಕೊಲ್ಲವರ್ಷವಿದ್ದರೆ ಜನವರಿಯಿಂದ ಸಿಂಹ ಸಂಕ್ರಮಣದವರೆಗೆ 825 ಕೂಡಿಸಿ. 1125ರ ಮೇಷಮಾಸವೆಂದರೆ 1950ರ ಏಪ್ರಿಲ್–ಮೇ.

‘ಮಾ’ ಎಂದರೆ ಮಾಂದಿ, ಅದಕ್ಕೇ ಗುಳಿಕ ಎಂದೂ ಹೆಸರು. ಕೇರಳದ ಕ್ರಮದಲ್ಲಿ ಗುಳಿಕನನ್ನೂ ಕುಂಡಲಿಯಲ್ಲಿ ಬರೆಯುತ್ತಾರೆ, ಗಡಿನಾಡಾದ ಕೊಡಗಿನ ಹಳೆಯ ಜಾತಕಗಳಲ್ಲೂ ಅದು ಕಾಣುತ್ತದೆ. ಅದರ ವಿಚಾರ ವಿಸ್ತಾರವಾಗಿ ಬರುವುದು 1649ರ ‘ಪ್ರಶ್ನಮಾರ್ಗ’ದಲ್ಲಿ. ಅದು 32 ಅಧ್ಯಾಯದ ದೊಡ್ಡ ಗ್ರಂಥ, ಜಾತಕ ಗಟ್ಟಿಯಾದ ಮೇಲಿನ ಓದು.

ಪ್ರಶ್ನೆ: ಆ್ಯಪ್ ಇರುವಾಗ ಗಣಿತದ ಪುಸ್ತಕ ಯಾಕೆ?
– ಕುಶಾಲನಗರದ ವಿದ್ಯಾರ್ಥಿ

ಉತ್ತರ: ಆ್ಯಪ್‌ಗೆ ತಪ್ಪು ಊರು, ತಪ್ಪು ಸಮಯ ಕೊಟ್ಟರೂ ಅದು ಚೆಂದದ ಕುಂಡಲಿಯನ್ನೇ ತೋರಿಸುತ್ತದೆ. ಅದು ತಪ್ಪೆಂದು ಕಣ್ಣಿಗೆ ಹೊಡೆಯಬೇಕಾದರೆ ಗಣಿತ ತಿಳಿದಿರಬೇಕು. ಮಡಿಕೇರಿಯ ರೇಖಾಂಶ ಪೂರ್ವ 75 ಡಿಗ್ರಿ 44 ಕಲೆ. ಭಾರತದ ಗಡಿಯಾರ ನಡೆಯುವುದು 82 ಡಿಗ್ರಿ 30 ಕಲೆಗೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿನ ಸ್ಥಳೀಯ ಕಾಲ 27 ನಿಮಿಷ ಹಿಂದೆ. ಪುಸ್ತಕದ ಕೋಷ್ಟಕ ಬಳಸುವಾಗ ಇದನ್ನು ಕಳೆಯಬೇಕು. ಆ್ಯಪ್‌ನಲ್ಲಿ ಊರು ಹಾಕಿದರೆ ಅದೇ ಕಳೆದುಕೊಳ್ಳುತ್ತದೆ, ನೀವು ಮತ್ತೆ ಕಳೆಯಬಾರದು. ಈ ಎರಡು ಬಾರಿ ಕಳೆಯುವ ತಪ್ಪು ತುಂಬಾ ಸಾಮಾನ್ಯ. ಕೊಡಗಿನೊಳಗೆ ಊರು ಬದಲಾದರೆ ನಿಮಿಷದಷ್ಟೇ ವ್ಯತ್ಯಾಸ. ಆದರೆ ಹೆರಿಗೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರೆ ಆ ಊರನ್ನೇ ಹಾಕಬೇಕು, ಮನೆಯ ಊರನ್ನಲ್ಲ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಯುದ್ಧಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ಹುಟ್ಟಿದವರ ಗಡಿಯಾರದ ಸಮಯದಲ್ಲಿ ಒಂದು ಗಂಟೆ ಕಳೆಯಿರಿ.

ಆ್ಯಪ್ ಸರಿಯಿದೆಯೇ ಎಂದು ನೋಡಲು ಇಂದಿನ ಸೂರ್ಯೋದಯದ ಸಮಯ ಹಾಕಿ: ಲಗ್ನವೂ ರವಿಯೂ ಒಂದೇ ರಾಶಿಯಲ್ಲಿ, ಹೆಚ್ಚುಕಡಿಮೆ ಒಂದೇ ಡಿಗ್ರಿಯಲ್ಲಿ ಬರಬೇಕು. ಇನ್ನೊಂದು ಪರೀಕ್ಷೆ ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ (ಕರ್ಕ) ತಿಂಗಳ ಹದಿನೆಂಟನೆಯ ದಿನ. ಕರ್ಕ ಸಂಕ್ರಮಣವಾಗಿ ಹದಿನೇಳೂವರೆ ದಿನ, ರವಿ ಆಗ ದಿನಕ್ಕೆ ಸುಮಾರು 57 ಕಲೆ ನಡೆಯುತ್ತಾನೆ. ಗುಣಿಸಿದರೆ 16 ಡಿಗ್ರಿ 38 ಕಲೆ. ಆಶ್ಲೇಷಾ ಶುರುವಾಗುವುದು ಕರ್ಕದ 16 ಡಿಗ್ರಿ 40 ಕಲೆಗೆ. ಮದ್ದುಸೊಪ್ಪಿನ ಪಾಯಸ ಮಾಡುವ ಆಗಸ್ಟ್ 3ರಂದೇ ಆಶ್ಲೇಷಾ ಮಳೆ ಹುಟ್ಟುವುದು ಇದಕ್ಕೇ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ಮೋಡವಿಲ್ಲದಿದ್ದರೆ ಕದಿರು ತೆಗೆದು ಬಂದ ಮೇಲೆ ಅಂಗಳದಲ್ಲಿ ನಿಂತು ನೋಡಿ: ಹುಣ್ಣಿಮೆಯ ಆಸುಪಾಸಿನ ಚಂದ್ರನ ಹತ್ತಿರ ಕೆಂಪಗೆ ಹೊಳೆಯುವುದು ರೋಹಿಣಿ, ಸ್ವಲ್ಪ ಪಶ್ಚಿಮಕ್ಕೆ ಗೊಂಚಲಾಗಿರುವುದು ಕೃತ್ತಿಕೆ. ಅಷ್ಟು ಹೊತ್ತಿಗೆ ಆ್ಯಪ್ ತೆರೆದರೆ ಚಂದ್ರ ವೃಷಭದಲ್ಲಿ, ರವಿ ಎದುರಿನ ವೃಶ್ಚಿಕದಲ್ಲಿ ಇರಬೇಕು.