ಕಚೇರಿ ಕರೆಗೂ ಹಾಡಿಗೂ ಒಂದೇ ಇಯರ್‌ಬಡ್ಸ್ ಕೊಳ್ಳುವಾಗ ಏನು ನೋಡಬೇಕು?

ಎರಡಕ್ಕೂ ಒಂದೇ ಜೋಡಿ ಸಾಕು, ಆದರೆ ಆಯ್ಕೆಯನ್ನು ಮೈಕ್‌ನಿಂದ ಆರಂಭಿಸಿ. ಹಾಡು ಚೆನ್ನಾಗಿ ಕೇಳಿಸುವ ಇಯರ್‌ಬಡ್ಸ್ ಇಂದು ಸಾಧಾರಣ ಬೆಲೆಗೂ ಸಿಗುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನ್‌ಗಳ ನಡುವೆ ನಿಮ್ಮ ಮಾತನ್ನು ಸ್ಪಷ್ಟವಾಗಿ ತಲುಪಿಸುವಂಥವು ಕಡಿಮೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಎಎನ್‌ಸಿ (ಹೊರಗಿನ ಸದ್ದನ್ನು ಅಳಿಸುವ ತಂತ್ರ) ನಿಮ್ಮ ಕಿವಿಗೆ ಬೀಳುವ ಸದ್ದನ್ನಷ್ಟೇ ತಗ್ಗಿಸುತ್ತದೆ, ಅತ್ತ ಕಡೆಯವರಿಗೆ ಅದರಿಂದ ಲಾಭವಿಲ್ಲ. ಅವರಿಗೆ ಬೇಕಾದದ್ದು ಮೈಕ್‌ನ ಗದ್ದಲ ನಿವಾರಣೆ. ಕಡ್ಡಿಯಂತೆ ಕೆಳಗಿಳಿಯುವ ವಿನ್ಯಾಸದಲ್ಲಿ ಮೈಕ್ ಬಾಯಿಗೆ ತುಸು ಹತ್ತಿರವಿರುವುದರಿಂದ ನಾನು ಅದನ್ನೇ ಸೂಚಿಸುತ್ತೇನೆ.

ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದೊಡನೆ ಧ್ವನಿ ಹಳೆಯ ಲ್ಯಾಂಡ್‌ಲೈನಿನಂತಾದರೆ ಇಯರ್‌ಬಡ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೈಕ್ ಚಾಲೂ ಆದಾಗ ಬ್ಲೂಟೂತ್ ಸಾಮಾನ್ಯವಾಗಿ ಹಾಡಿಗೆ ಬಳಸುವ ಎ2ಡಿಪಿ ವಿಧಾನ ಬಿಟ್ಟು ಕರೆಗೆ ಬಳಸುವ ಎಚ್‌ಎಫ್‌ಪಿಗೆ ಹೊರಳುತ್ತದೆ. ಆಗ ಸ್ಟೀರಿಯೊ ಹೋಗಿ, ಹೆಚ್ಚಾಗಿ 8 ಅಥವಾ 16 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನ, ಅಂದರೆ ಕಡಿಮೆ ವಿವರದ, ಒಂದೇ ಚಾನೆಲ್ ಉಳಿಯುತ್ತದೆ. ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್‌ನ ಮೈಕನ್ನೇ ಆರಿಸಿ, ಧ್ವನಿ ಮರಳುತ್ತದೆ. ಬ್ಲೂಟೂತ್‌ನ ಹೊಸ ಧ್ವನಿ ವ್ಯವಸ್ಥೆಯಾದ ಎಲ್‌ಇ ಆಡಿಯೊ ಈ ತೊಂದರೆಯನ್ನು ಬಹಳಷ್ಟು ತಗ್ಗಿಸುತ್ತದೆ, ಆದರೆ ಅದು ಎರಡೂ ಸಾಧನಗಳಲ್ಲಿರಬೇಕು.

ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಏಕಕಾಲಕ್ಕೆ ಜೋಡಿಸುವ ಮಲ್ಟಿಪಾಯಿಂಟ್ ಇಲ್ಲದಿದ್ದರೆ ಕೊಳ್ಳಲೇಬೇಡಿ. ಸಿಲಿಕೋನ್ ತುದಿ ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಬಾಸ್ ಸೋರಿಹೋಗುತ್ತದೆ. ಜೊತೆಗೆ ಬರುವ ಎಲ್ಲ ಅಳತೆಯ ತುದಿಗಳನ್ನೂ ಹಾಕಿ ನೋಡಿ.